‘ಪ್ರೈಮ್ ಮಿನಿಸ್ಟರ್’: ಬೈಗುಳವಾಗಿದ್ದ ಹೆಸರು ದೇಶ ಆಳುವ ಹುದ್ದೆಯಾದದ್ದು ಹೇಗೆ?

2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಸಂವಿಧಾನದ 130ನೇ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಐದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಆಗಬಹುದಾದ ಪ್ರಕರಣದಲ್ಲಿ ಬಂಧನವಾಗಿ, ಸತತ 30 ದಿನ ಕಸ್ಟಡಿಯಲ್ಲಿದ್ದರೆ ಮಂತ್ರಿಯಾದವರು ಕುರ್ಚಿ ಬಿಡಬೇಕು ಎಂಬುದು ಅದರ ತಿರುಳು. ಸದನದಲ್ಲಿ ಭಾರೀ ಗದ್ದಲವಾಯಿತು. ಮಸೂದೆಯ ಪ್ರತಿಗಳು ಹರಿದು ತೂರಾಡಿದವು. ಕೊನೆಗೆ ಅದು ಜಂಟಿ ಸಂಸದೀಯ ಸಮಿತಿಯ ಪರಿಶೀಲನೆಗೆ ಹೋಯಿತು. ಆರೋಪ ಸಾಬೀತಾಗುವ ಮೊದಲೇ ಹುದ್ದೆ ಕಿತ್ತುಕೊಳ್ಳಬಹುದೇ, ತನಿಖಾ ಸಂಸ್ಥೆಗಳ ಕೈಗೆ ಸರ್ಕಾರ ಬೀಳಿಸುವ ಶಕ್ತಿ ಕೊಟ್ಟಂತಾಗುವುದಿಲ್ಲವೇ ಎಂಬ ಪ್ರಶ್ನೆಗಳ ಸುತ್ತಲೇ ಚರ್ಚೆ ನಡೆಯಿತು. ಅದು ನಡೆಯಲೇಬೇಕಾದ ಚರ್ಚೆ.

ಆದರೆ ಮಸೂದೆಯಲ್ಲಿ ಇನ್ನೊಂದು ಸಣ್ಣ ವಿಷಯವಿದೆ. ಅದರ ಕಡೆ ಗಮನ ಕೊಟ್ಟವರು ಕಡಿಮೆ. ಸಾಮಾನ್ಯ ಮಂತ್ರಿಯಾದರೆ, ಪ್ರಧಾನಿಯ ಸಲಹೆಯ ಮೇಲೆ ರಾಷ್ಟ್ರಪತಿಗಳು ಅವರನ್ನು ಕೈಬಿಡುತ್ತಾರೆ. ಸರಿ, ಒಳಗೆ ಹೋದವರು ಪ್ರಧಾನಿಯೇ ಆಗಿದ್ದರೆ? ಸಲಹೆ ಕೊಡುವವರು ಯಾರು? ಹಾಗಾಗಿ ಅವರಿಗೆ ಬೇರೆಯೇ ವಾಕ್ಯ ಬರೆಯಬೇಕಾಯಿತು: 31ನೇ ದಿನದೊಳಗೆ ತಾವೇ ರಾಜೀನಾಮೆ ಕೊಡಬೇಕು, ಕೊಡದಿದ್ದರೆ ಹುದ್ದೆ ತಾನಾಗಿಯೇ ಹೋಗುತ್ತದೆ.

ಪ್ರಧಾನಿ ಎಂದರೆ ಮಂತ್ರಿಗಳಲ್ಲಿ ಒಬ್ಬರೋ, ಮಂತ್ರಿಗಳ ಮೇಲಿನವರೋ? ಈ ತಕರಾರು ಹೊಸದಲ್ಲ. ಲಂಡನ್ನಿನಲ್ಲಿ ಶುರುವಾಗಿ ಸುಮಾರು 300 ವರ್ಷ ಆಯಿತು. ‘ಪ್ರೈಮ್ ಮಿನಿಸ್ಟರ್’ ಎಂಬ ಹೆಸರು ಹುಟ್ಟಿದ್ದೇ ಈ ಜಗಳದೊಳಗೆ.

ಮೊದಲ ಸೇವಕ

‘ಪ್ರೈಮ್’ ಬಂದದ್ದು ಲ್ಯಾಟಿನ್ನಿನ ‘ಪ್ರೈಮಸ್’ನಿಂದ. ಅರ್ಥ, ಮೊದಲನೆಯದು. ಪ್ರೈಮರಿ ಶಾಲೆ, ಪ್ರಿನ್ಸಿಪಾಲ್, ಪ್ರಿನ್ಸ್, ಪ್ರೀಮಿಯರ್ ಎಲ್ಲವೂ ಇದೇ ಬೇರಿನವು. ಇಂಗ್ಲಿಷಿಗೆ ಈ ಪದ ಮೊದಲು ಬಂದದ್ದು ಮಠಗಳ ಮೂಲಕ. ಕ್ರೈಸ್ತ ಸನ್ಯಾಸಿಗಳು ದಿನದ ಮೊದಲ ಗಳಿಗೆಯಲ್ಲಿ ಮಾಡುವ ಪ್ರಾರ್ಥನೆಗೆ ಪ್ರೈಮ್ ಅನ್ನುತ್ತಿದ್ದರು. ದೊಡ್ಡದು, ಮುಖ್ಯವಾದದ್ದು ಎಂಬ ಅರ್ಥಗಳು ಆಮೇಲೆ ಬೆಳೆದವು.

‘ಮಿನಿಸ್ಟರ್’ನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅದು ಕಡಿಮೆ ಎಂಬ ಅರ್ಥದ ‘ಮೈನಸ್’ನ ಸಂಬಂಧಿ. ಲ್ಯಾಟಿನ್ನಿನಲ್ಲಿ ಮಿನಿಸ್ಟರ್ ಎಂದರೆ ಕೆಳಗಿನವನು, ಊಳಿಗದವನು. ಅದಕ್ಕೆ ಎದುರಾದ ಪದ ‘ಮ್ಯಾಜಿಸ್ಟರ್’, ಅಂದರೆ ಹೆಚ್ಚಿನವನು. ಮಾಸ್ಟರ್, ಮ್ಯಾಜಿಸ್ಟ್ರೇಟ್ ಬಂದದ್ದು ಅಲ್ಲಿಂದ. ಹಾಗಾಗಿ ಪ್ರೈಮ್ ಮಿನಿಸ್ಟರ್ ಎಂದರೆ ಮೂಲದಲ್ಲಿ ರಾಜನ ಸೇವಕರ ಸಾಲಿನಲ್ಲಿ ಮೊದಲು ನಿಂತವನು, ಅಷ್ಟೇ. ಒಡೆಯನ ಅರ್ಥ ಅದರಲ್ಲಿ ಎಲ್ಲೂ ಇಲ್ಲ.

‘ಮೊದಲಿಗ’ ಎಂಬ ಹೆಸರಿಟ್ಟುಕೊಂಡು ಒಡೆಯನಾಗುವ ದಾರಿ ತೋರಿಸಿದವನು ರೋಮಿನ ಆಗಸ್ಟಸ್. ರೋಮನ್ನರಿಗೆ ರಾಜ ಎಂಬ ಮಾತು ಕೇಳಿದರೇ ಆಗುತ್ತಿರಲಿಲ್ಲ. ಅದಕ್ಕೆ ಅವನು ಆ ಹೆಸರಿನ ತಂಟೆಗೆ ಹೋಗಲಿಲ್ಲ. ತನ್ನನ್ನು ‘ಪ್ರಿನ್ಸೆಪ್ಸ್’, ಅಂದರೆ ನಾಗರಿಕರಲ್ಲಿ ಮೊದಲಿಗ ಎಂದು ಕರೆದುಕೊಂಡ. ಬದುಕಿನ ಕೊನೆಗೆ ಬರೆಸಿದ ಲೆಕ್ಕದಲ್ಲಿ ಅವನು ಹೇಳಿಕೊಂಡದ್ದು ಹೀಗೆ: ವರ್ಚಸ್ಸಿನಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ, ಆದರೆ ಹುದ್ದೆಯ ಅಧಿಕಾರದಲ್ಲಿ ನನ್ನ ಜೊತೆಗಾರರಿಗಿಂತ ಒಂದಿಷ್ಟೂ ಹೆಚ್ಚಿರಲಿಲ್ಲ. ಸೈನ್ಯ ಅವನ ಕೈಯಲ್ಲಿತ್ತು, ದುಡ್ಡು ಅವನ ಕೈಯಲ್ಲಿತ್ತು. ಕಾಗದದ ಮೇಲೆ ಮಾತ್ರ ಎಲ್ಲರೂ ಸಮಾನರು. ‘ಸಮಾನರಲ್ಲಿ ಮೊದಲಿಗ’ ಎಂಬ ಮಾತನ್ನು ಇವತ್ತಿಗೂ ಎಚ್ಚರದಿಂದ ಕೇಳಬೇಕಾದದ್ದು ಇದಕ್ಕೇ.

ವಾಲ್‌ಪೋಲ್ ಕಾಲದ ಬೈಗುಳ

‘ಮೊದಲ ಮಂತ್ರಿ’ ಎಂಬ ಬಳಕೆ ಇಂಗ್ಲೆಂಡಿಗೆ ಬಂದದ್ದು ಫ್ರಾನ್ಸಿನ ನೆರಳಿನಲ್ಲಿ. ಅಲ್ಲಿ 17ನೇ ಶತಮಾನದಲ್ಲಿ ರಿಶಲ್ಯೂ, ಆಮೇಲೆ ಮಜಾರಿನ್ ಎಂಬ ಇಬ್ಬರು ಕಾರ್ಡಿನಲ್‌ಗಳು ರಾಜನ ಹೆಸರಿನಲ್ಲಿ ದೇಶ ಆಳಿದರು. 1661ರಲ್ಲಿ ಮಜಾರಿನ್ ತೀರಿಕೊಂಡಾಗ 14ನೇ ಲೂಯಿ, ಇನ್ನು ಮುಂದೆ ಮೊದಲ ಮಂತ್ರಿಯೇ ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದ. ಇಂಗ್ಲಿಷರಿಗೆ ಇದೆಲ್ಲ ಕಾಣಿಸುತ್ತಿತ್ತು. ಪ್ರೈಮ್ ಮಿನಿಸ್ಟರ್ ಎಂದರೆ ಫ್ರಾನ್ಸಿನ ಥರದ ನಿರಂಕುಶ ಆಡಳಿತದ ವಾಸನೆ ಎಂದೇ ಅವರಿಗೆ ಅನಿಸುತ್ತಿತ್ತು.

ಆ ಹೊತ್ತಿಗೆ ಬಂದವರು ರಾಬರ್ಟ್ ವಾಲ್‌ಪೋಲ್. 1720ರಲ್ಲಿ ಸೌತ್ ಸೀ ಕಂಪನಿಯ ಷೇರುಗಳು ಕುಸಿದು ಬಿದ್ದವು. ದೊಡ್ಡ ದೊಡ್ಡ ಮನೆತನಗಳು ಮುಳುಗಿದವು. ಹಣದ ವ್ಯವಹಾರ ಬಲ್ಲ ವಾಲ್‌ಪೋಲ್ 1721ರಲ್ಲಿ ‘ಫಸ್ಟ್ ಲಾರ್ಡ್ ಆಫ್ ದಿ ಟ್ರೆಷರಿ’, ಅಂದರೆ ಖಜಾನೆ ಮಂಡಳಿಯ ಮೊದಲ ಸದಸ್ಯರಾದರು. ಅವರ ಹುದ್ದೆಯ ನಿಜವಾದ ಹೆಸರು ಅದೇ. ರಾಜ ಮೊದಲನೇ ಜಾರ್ಜ್ ಜರ್ಮನಿಯ ಹ್ಯಾನೋವರಿನಿಂದ ಬಂದವನು. 1717ರ ಸುಮಾರಿಗೇ ಮಂತ್ರಿಗಳ ಸಭೆಗೆ ಬರುವುದನ್ನು ನಿಲ್ಲಿಸಿದ್ದ. ಇಂಗ್ಲಿಷ್ ಬಾರದ್ದೇ ಕಾರಣ ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಆದರೆ ಮಂತ್ರಿಗಳ ಜೊತೆ ಅವನು ಫ್ರೆಂಚಿನಲ್ಲಿ ಮಾತಾಡುತ್ತಿದ್ದ, ಆದ್ದರಿಂದ ಆ ಕಾರಣ ಅಷ್ಟು ಗಟ್ಟಿಯಲ್ಲ. ಕಾರಣ ಏನೇ ಇರಲಿ, ಸಭೆಯ ತಲೆಯ ಕುರ್ಚಿ ಖಾಲಿಯಾಯಿತು. ಖಾಲಿಯಾದ ಕುರ್ಚಿ ಸಹಜವಾಗಿಯೇ ಖಜಾನೆಯ ಕೀಲಿಕೈ ಇದ್ದವರ ಕಡೆ ತಿರುಗಿತು. ಹುದ್ದೆ, ಪಿಂಚಣಿ, ಗುತ್ತಿಗೆ ಹಂಚುವವರು ಅವರೇ. ಪಡೆದವರಲ್ಲಿ ಪಾರ್ಲಿಮೆಂಟಿನ ಸದಸ್ಯರೂ ಇದ್ದರು. ಹೀಗೆ ವಾಲ್‌ಪೋಲ್ ಹತ್ತಿರ ಹತ್ತಿರ 21 ವರ್ಷ ನಡೆಸಿದರು. ಇವತ್ತಿಗೂ ಬ್ರಿಟನ್ನಿನಲ್ಲಿ ಅದೇ ದಾಖಲೆ.

ವಿರೋಧಿಗಳು ಅವರನ್ನು ಪ್ರೈಮ್ ಮಿನಿಸ್ಟರ್ ಎಂದು ಕರೆದದ್ದು ಹೊಗಳುವುದಕ್ಕಲ್ಲ. 1741ರ ಫೆಬ್ರವರಿಯಲ್ಲಿ ಅವರನ್ನು ಕಿತ್ತುಹಾಕಬೇಕು ಎಂಬ ನಿಲುವಳಿ ಪಾರ್ಲಿಮೆಂಟಿನ ಎರಡೂ ಸದನಗಳಿಗೆ ಬಂತು. ಆರೋಪ ಏನು ಗೊತ್ತೇ? ಇವರು ಏಕೈಕ ಮಂತ್ರಿಯಂತೆ, ಪ್ರೈಮ್ ಮಿನಿಸ್ಟರಂತೆ ವರ್ತಿಸಿದ್ದಾರೆ ಎಂಬುದು. ವಾಲ್‌ಪೋಲ್ ಎದ್ದು ನಿಂತು, ನಾನು ಅಂಥವನಲ್ಲ ಎಂದು ಖಡಾಖಂಡಿತವಾಗಿ ಅಲ್ಲಗಳೆದರು. ಕಾಮನ್ಸ್ ಸಭೆಯಲ್ಲಿ ನಿಲುವಳಿ 290–106 ಮತಗಳಿಂದ ಬಿದ್ದುಹೋಯಿತು. ಲಾರ್ಡ್ಸ್ ಸಭೆಯಲ್ಲಿ ಸೋತವರು ತಮ್ಮ ಪ್ರತಿಭಟನೆಯನ್ನು ಕಡತದಲ್ಲಿ ಬರೆಸಿದರು: ಮೊದಲ ಮಂತ್ರಿ ಎಂಬ ಅಧಿಕಾರಿ ಬ್ರಿಟನ್ನಿನ ಕಾನೂನಿಗೆ ಗೊತ್ತಿಲ್ಲದವನು, ಅಂಥವನು ಇರುವುದು ಯಾವ ಸರ್ಕಾರದಲ್ಲೇ ಆಗಲಿ ಸ್ವಾತಂತ್ರ್ಯಕ್ಕೆ ಮಾರಕ.

ಇಷ್ಟು ಸಿಟ್ಟು ಯಾಕೆ? ಅಸೂಯೆ ಇರಲಿಲ್ಲ ಎಂದಲ್ಲ. ಆದರೆ ಆ ಸಿಟ್ಟಿನೊಳಗೆ ಒಂದು ಗಟ್ಟಿ ವಾದ ಇತ್ತು. ಆಗಿನ ವ್ಯವಸ್ಥೆಯಲ್ಲಿ ಪ್ರತಿ ಮಂತ್ರಿಯೂ ನೇರವಾಗಿ ರಾಜನ ಸೇವಕ. ತನ್ನ ಖಾತೆಗೆ ತಾನೇ ಹೊಣೆ. ತಪ್ಪು ಮಾಡಿದರೆ ಪಾರ್ಲಿಮೆಂಟು ಅವನ ಮೇಲೇ ಮಹಾಭಿಯೋಗ ಹೂಡಬಹುದು. ಎಲ್ಲರ ತಲೆಯ ಮೇಲೆ ಒಬ್ಬ ಬಂದು ಕೂತರೆ, ಉಳಿದವರು ‘ನಾನಲ್ಲ, ಅವರು ಹೇಳಿದ್ದು’ ಎನ್ನುತ್ತಾರೆ. ಆ ಒಬ್ಬನೋ ‘ಅಂಥ ಹುದ್ದೆಯೇ ಇಲ್ಲವಲ್ಲ’ ಎನ್ನುತ್ತಾನೆ. ಕೊನೆಗೆ ಹೊಣೆ ಹೊರುವವರೇ ಇರುವುದಿಲ್ಲ. ಈ ವಾದ ನನಗೆ ಈಗಲೂ ಸರಿ ಅನಿಸುತ್ತದೆ.

ವಾಲ್‌ಪೋಲ್ ಕೆಳಗಿಳಿದದ್ದು 1742ರಲ್ಲಿ. ಯಾವ ಕಾನೂನೂ ಅವರನ್ನು ಇಳಿಸಲಿಲ್ಲ. ಚಿಪ್ಪನ್‌ಹ್ಯಾಮ್ ಎಂಬ ಕ್ಷೇತ್ರದ ಚುನಾವಣಾ ತಕರಾರಿನ ಮೇಲೆ ಕಾಮನ್ಸ್ ಸಭೆಯಲ್ಲಿ ಮತ ಎಣಿಸಿದಾಗ ಅವರ ಕಡೆ ಸಂಖ್ಯೆ ಇರಲಿಲ್ಲ. ಹೆಸರೇ ಇಲ್ಲದ ಹುದ್ದೆ ಬಂದದ್ದು ಸದನದ ಸಂಖ್ಯೆಯಿಂದ, ಹೋದದ್ದೂ ಸಂಖ್ಯೆಯಿಂದ.

ಅಂಚೆಪೆಟ್ಟಿಗೆಯ ಮೇಲಿಲ್ಲದ ಹೆಸರು

ಲಂಡನ್ನಿನ 10, ಡೌನಿಂಗ್ ಸ್ಟ್ರೀಟಿನ ಕಪ್ಪು ಬಾಗಿಲನ್ನು ಟಿವಿಯಲ್ಲಿ ನೋಡದವರು ಕಡಿಮೆ. ಆ ಬಾಗಿಲಿನಲ್ಲಿ ಕಾಗದ ಹಾಕುವ ಹಿತ್ತಾಳೆಯ ಸೀಳಿನ ಮೇಲೆ ಕೆತ್ತಿರುವುದು ‘ಫಸ್ಟ್ ಲಾರ್ಡ್ ಆಫ್ ದಿ ಟ್ರೆಷರಿ’ ಎಂದು. ಪ್ರೈಮ್ ಮಿನಿಸ್ಟರ್ ಎಂದು ಎಲ್ಲೂ ಇಲ್ಲ. ಎರಡನೇ ಜಾರ್ಜ್ ಈ ಮನೆಯನ್ನು 1732ರಲ್ಲಿ ವಾಲ್‌ಪೋಲ್ ಅವರಿಗೆ ಸ್ವಂತಕ್ಕೆಂದೇ ಕೊಡಲು ಹೊರಟಿದ್ದ. ಅವರು ಬೇಡವೆಂದು, ಖಜಾನೆಯ ಮೊದಲ ಲಾರ್ಡ್ ಯಾರಿರುತ್ತಾರೋ ಅವರಿಗೆ ಇರಲಿ ಎಂದರು. 1735ರಲ್ಲಿ ಅಲ್ಲಿಗೆ ಬಂದರು. 1895ರ ನಂತರ ಪ್ರಧಾನಿಯಾಗಿದ್ದ ಸಾಲಿಸ್‌ಬರಿ ಅವರಿಗೆ ಆ ಖಜಾನೆ ಹುದ್ದೆ ಇರಲಿಲ್ಲ. ಅದು ಅವರ ಅಕ್ಕನ ಮಗ ಬಾಲ್ಫೋರ್ ಕೈಯಲ್ಲಿತ್ತು. ಹಾಗಾಗಿ ಆ ಮನೆಯಲ್ಲಿ ವಾಸವಿದ್ದವರೂ ಬಾಲ್ಫೋರೇ.

ವಾಲ್‌ಪೋಲ್ ನಂತರ ಬಂದವರೂ ಈ ಹೆಸರನ್ನು ಒಪ್ಪಿಕೊಳ್ಳಲು ಹಿಂಜರಿದರು. 1770ರಿಂದ 1782ರವರೆಗೆ, ಅಂದರೆ ಅಮೆರಿಕ ಕೈತಪ್ಪಿದ ಕಾಲದಲ್ಲಿ, ಸರ್ಕಾರ ನಡೆಸಿದ ಲಾರ್ಡ್ ನಾರ್ತ್ ಮನೆಯಲ್ಲೂ ತಮ್ಮನ್ನು ಹಾಗೆ ಕರೆಯಲು ಬಿಡುತ್ತಿರಲಿಲ್ಲ. ಅಂಥದ್ದೊಂದು ನಮ್ಮ ಸಂವಿಧಾನದಲ್ಲಿ ಇಲ್ಲವೇ ಇಲ್ಲ ಎನ್ನುತ್ತಿದ್ದರು. ನಾಚಿಕೆ ಬಿಟ್ಟು ಮಾತಾಡಿದವರು, ಅದಾಗಲೇ ಒಮ್ಮೆ ಸರ್ಕಾರ ನಡೆಸಿದ್ದ ಕಿರಿಯ ವಿಲಿಯಂ ಪಿಟ್. 1803ರಲ್ಲಿ ಮತ್ತೆ ಸರ್ಕಾರ ಸೇರುವ ಮಾತುಕತೆಯಲ್ಲಿ ಅವರ ಷರತ್ತು ಇಷ್ಟು: ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ತೂಕವುಳ್ಳ, ರಾಜನ ವಿಶ್ವಾಸದಲ್ಲಿ ಮೊದಲ ಸ್ಥಾನ ಇರುವ ಒಬ್ಬ ಮಂತ್ರಿ ಇರಲೇಬೇಕು, ಅದನ್ನು ಎಲ್ಲರೂ ಬಹಿರಂಗವಾಗಿ ಒಪ್ಪಬೇಕು.

ಕಾನೂನಿನ ಕಾಗದ ಈ ಸತ್ಯವನ್ನು ಒಪ್ಪಲು ಇನ್ನೂ 100 ವರ್ಷ ತೆಗೆದುಕೊಂಡಿತು. 1878ರ ಬರ್ಲಿನ್ ಒಪ್ಪಂದಕ್ಕೆ ಸಹಿ ಹಾಕುವಾಗ ಆಗಿನ ಪ್ರಧಾನಿ ಡಿಸ್ರೇಲಿ ಅವರ ಹೆಸರಿನ ಜೊತೆ ಪ್ರೈಮ್ ಮಿನಿಸ್ಟರ್ ಎಂದು ಬರೆದರು. 1905ರ ಡಿಸೆಂಬರಿನಲ್ಲಿ ರಾಜಾಜ್ಞೆಯೊಂದು ಔಪಚಾರಿಕ ಸಾಲಿನಲ್ಲಿ ಪ್ರಧಾನಿಗೆ ಜಾಗ ಕೊಟ್ಟಿತು. ಎಲ್ಲಿ? ಯಾರ್ಕ್‌ನ ಆರ್ಚ್‌ಬಿಷಪ್ಪರ ಹಿಂದೆ. 1917ರ ಕಾಯ್ದೆ ವಾರಾಂತ್ಯದ ಮನೆ ಕೊಟ್ಟಿತು. 1937ರ ಕಾಯ್ದೆ ಸಂಬಳ ನಿಗದಿ ಮಾಡಿತು. ಅಧಿಕಾರ ಏನು, ಎಷ್ಟು ಎಂದು ಮಾತ್ರ ಯಾವ ಕಾಯ್ದೆಯೂ ಹೇಳಲಿಲ್ಲ. ಇಷ್ಟು ಶಕ್ತಿಯಿದ್ದು, ಅದನ್ನು ತೋರಿಸಲು ಇಷ್ಟು ಕಡಿಮೆ ಬಿರುದು ಇರುವ ಮನುಷ್ಯ ಬೇರೆಲ್ಲೂ ಸಿಗುವುದಿಲ್ಲ ಎಂದು ನಾಲ್ಕು ಸಲ ಪ್ರಧಾನಿಯಾದ ಗ್ಲಾಡ್‌ಸ್ಟನ್ ಬರೆದಿದ್ದರು.

1889ರಲ್ಲಿ ಜಾನ್ ಮಾರ್ಲೆ ಎಂಬುವರು ವಾಲ್‌ಪೋಲ್ ಅವರ ಜೀವನಚರಿತ್ರೆ ಬರೆದರು. ನಮ್ಮ ಇತಿಹಾಸದ ಪಾಠದಲ್ಲಿ ಬರುವ ಮಾರ್ಲೆ–ಮಿಂಟೋ ಸುಧಾರಣೆಯ ಮಾರ್ಲೆ ಇವರೇ. ಸಂಪುಟದಲ್ಲಿ ಎಲ್ಲರೂ ಸಮಾನರು, ಪ್ರಧಾನಿ ಸಮಾನರಲ್ಲಿ ಮೊದಲಿಗ, ಆತ ಸಂಪುಟವೆಂಬ ಕಮಾನಿನ ನಡುಗಲ್ಲು ಎಂದು ಅದರಲ್ಲಿ ಹೇಳಿದರು. ಬೈಗುಳವನ್ನು ಗೌರವದ ಸಿದ್ಧಾಂತ ಮಾಡಿದ ಪುಸ್ತಕ ಅದು. ಆ ಕಮಾನಿನ ಮಾತು ಮುಂದೆ ದೆಹಲಿಗೂ ಬಂತು.

ದೆಹಲಿಯಲ್ಲಿ ಅದೇ ಜಗಳ

ಈ ಹೆಸರು ಭಾರತಕ್ಕೆ ಬಂದದ್ದೂ ನೇರ ದಾರಿಯಲ್ಲಲ್ಲ. 1937ರಲ್ಲಿ ಪ್ರಾಂತ್ಯಗಳಲ್ಲಿ ಚುನಾಯಿತ ಸರ್ಕಾರಗಳು ಬಂದಾಗ ಮದ್ರಾಸಿನ ರಾಜಾಜಿ, ಬೊಂಬಾಯಿಯ ಬಿ.ಜಿ. ಖೇರ್ ಅವರನ್ನು ಪ್ರೀಮಿಯರ್ ಎನ್ನುತ್ತಿದ್ದರು. ಮೈಸೂರಿನಲ್ಲಿ ದಿವಾನರಿದ್ದರು. ಜಮ್ಮು ಮತ್ತು ಕಾಶ್ಮೀರದಲ್ಲಿ 1965ರವರೆಗೂ ಮುಖ್ಯಮಂತ್ರಿಯ ಬದಲು ಪ್ರಧಾನಿಯೇ ಇದ್ದರು. ಕನ್ನಡಕ್ಕೆ ಪ್ರಧಾನ ಎಂಬ ಮಾತು ಹಳೆಯದು. ಹೊಯ್ಸಳರ ಶಾಸನಗಳಲ್ಲಿ ಮಹಾಪ್ರಧಾನ ಎಂಬ ಬಿರುದು ಹಲವು ಅಧಿಕಾರಿಗಳಿಗೆ ಸಿಗುತ್ತದೆ. ಆದರೆ ಈಗಿನ ಹುದ್ದೆಯ ಗುಣ ಪೂರ್ತಿ ಲಂಡನ್ನಿನದು, ಅದರ ಜಗಳದ ಸಮೇತ.

ಆ ಜಗಳ ಇಲ್ಲಿ ಎಷ್ಟು ಬೇಗ ಶುರುವಾಯಿತು ನೋಡಿ. 1947ರ ಡಿಸೆಂಬರಿನಲ್ಲಿ ಅಜ್ಮೀರಿನಲ್ಲಿ ಕೋಮುಗಲಭೆಯಾಯಿತು. ಅಜ್ಮೀರ್ ಕೇಂದ್ರದ ಆಡಳಿತದಲ್ಲಿತ್ತು, ಅಂದರೆ ಗೃಹ ಸಚಿವ ಸರ್ದಾರ್ ಪಟೇಲರ ಖಾತೆಗೆ ಸೇರಿದ್ದು. ನೆಹರು ಹೋಗಬೇಕಿತ್ತು, ಆಗಲಿಲ್ಲ. ತಮ್ಮ ಬದಲು ತಮ್ಮ ಖಾಸಗಿ ಕಾರ್ಯದರ್ಶಿಯನ್ನು ಕಳುಹಿಸಿದರು. ಪಟೇಲರಿಗೆ ಬೇಸರವಾಯಿತು. ನನ್ನ ಖಾತೆಯ ಅಧಿಕಾರಿಗಳ ಕೆಲಸ ನೋಡಲು ಪ್ರಧಾನಿಯ ಕಾರ್ಯದರ್ಶಿ ಹೋಗುವುದೆಂದರೆ ಏನರ್ಥ?

ಮಾತು ಬೆಳೆಯಿತು. 1948ರ ಜನವರಿಯಲ್ಲಿ ಇಬ್ಬರೂ ಗಾಂಧೀಜಿಯವರಿಗೆ ತಮ್ಮ ತಮ್ಮ ವಾದ ಬರೆದುಕೊಟ್ಟರು. ಎಲ್ಲ ಖಾತೆಗಳನ್ನು ಹೊಂದಿಸಿ ನಡೆಸಬೇಕಾದವನು ಪ್ರಧಾನಿ, ಆತನಿಗೆ ಯಾವಾಗ ಹೇಗೆ ಬೇಕೋ ಹಾಗೆ ಕೆಲಸ ಮಾಡುವ ಸ್ವಾತಂತ್ರ್ಯ ಇರಬೇಕು ಎಂಬುದು ನೆಹರು ನಿಲುವು. ಅದನ್ನು ಒಪ್ಪಿದರೆ ಪ್ರಧಾನಿ ಹೆಚ್ಚುಕಡಿಮೆ ಸರ್ವಾಧಿಕಾರಿಯೇ ಆಗುತ್ತಾನೆ ಎಂದು ಪಟೇಲ್ ಉತ್ತರಿಸಿದರು. ಆತ ಸಮಾನರಲ್ಲಿ ಮೊದಲಿಗ, ಜೊತೆಗಾರರ ತೀರ್ಮಾನ ತಳ್ಳಿಹಾಕುವ ಅಧಿಕಾರ ಆತನಿಗಿಲ್ಲ, ಇದ್ದಿದ್ದರೆ ಸಂಪುಟವೇ ಬೇಕಿರಲಿಲ್ಲ ಎಂದರು. ಪಟೇಲರು ಆಗ ಉಪಪ್ರಧಾನಿಯೂ ಹೌದು. ಜನವರಿ 30ರ ಸಂಜೆ ಪ್ರಾರ್ಥನೆಗೆ ಹೊರಡುವ ಮುನ್ನ ಗಾಂಧೀಜಿ ಕೊನೆಯದಾಗಿ ಮಾತಾಡಿದ್ದು ಪಟೇಲರ ಜೊತೆ. ಆ ಸಂಜೆಯ ನಂತರ ಇಬ್ಬರೂ ಈ ವಾದ ಬದಿಗಿಟ್ಟು ಒಟ್ಟಿಗೆ ನಡೆದರು. ವಾದ ಮಾತ್ರ ತೀರ್ಮಾನವಾಗಲೇ ಇಲ್ಲ.

ಅದೇ ವರ್ಷದ ಕೊನೆಗೆ ಸಂವಿಧಾನ ಸಭೆಯಲ್ಲಿ ಈ ವಿಧಿಗಳು ಚರ್ಚೆಗೆ ಬಂದಾಗ ಅಂಬೇಡ್ಕರ್ ಅದೇ ಕಮಾನಿನ ನಡುಗಲ್ಲಿನ ಮಾತು ಬಳಸಿದರು. ಮಂತ್ರಿಗಳನ್ನು ಆರಿಸುವ, ಕೈಬಿಡುವ ಅಧಿಕಾರ ಪ್ರಧಾನಿಗೆ ಇಲ್ಲದಿದ್ದರೆ ಸಂಪುಟದ ಸಾಮೂಹಿಕ ಹೊಣೆಗಾರಿಕೆ ನಿಲ್ಲುವುದಿಲ್ಲ ಎಂದರು. 1741ರ ಲಾರ್ಡ್‌ಗಳ ವಾದಕ್ಕೆ ಇದು ನೇರ ಎದುರು. ತಲೆಯಾಳು ಇದ್ದರೆ ಹೊಣೆ ಕರಗುತ್ತದೆ ಎಂದು ಅವರು, ತಲೆಯಾಳು ಇಲ್ಲದಿದ್ದರೆ ಹೊಣೆಯೇ ನಿಲ್ಲದು ಎಂದು ಇವರು. ಎರಡರಲ್ಲೂ ಸತ್ಯವಿದೆ. ಯಾವುದು ಗೆಲ್ಲುತ್ತದೆ ಎಂಬುದು ಉಳಿದ ಮಂತ್ರಿಗಳು ಬಾಯಿ ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ನಮ್ಮ ಸಂವಿಧಾನದಲ್ಲಿ ಬ್ರಿಟನ್ನಿನಲ್ಲಿ ಇಲ್ಲದ ಒಂದು ಅನುಕೂಲ ಇದೆ: ಹುದ್ದೆಯ ಹೆಸರು ಬರೆದಿದೆ. 74ನೇ ವಿಧಿ ಪ್ರಧಾನಿಯನ್ನು ಮಂತ್ರಿಮಂಡಲದ ತಲೆ ಎನ್ನುತ್ತದೆ. 75ನೇ ವಿಧಿ ಪ್ರಧಾನಿಯ ಸಲಹೆಯಂತೆ ಉಳಿದವರ ನೇಮಕ, ಎಲ್ಲರೂ ಸೇರಿ ಲೋಕಸಭೆಗೆ ಹೊಣೆ ಎನ್ನುತ್ತದೆ. 78ನೆಯದು ರಾಷ್ಟ್ರಪತಿಗಳಿಗೆ ಮಾಹಿತಿ ಕೊಡುವ ಕರ್ತವ್ಯದ ಬಗ್ಗೆ. ಹೆಚ್ಚುಕಡಿಮೆ ಅಷ್ಟೇ. ಮೂರನೇ ಅನುಸೂಚಿಯಲ್ಲಿ ಪ್ರಧಾನಿಗೆಂದು ಬೇರೆ ಪ್ರಮಾಣವಚನದ ನಮೂನೆ ಕೂಡ ಇಲ್ಲ. ಕೇಂದ್ರದ ಮಂತ್ರಿ ಎಂಬ ಒಂದೇ ನಮೂನೆ.

ಇದರ ಪರಿಣಾಮ ನಮ್ಮ ರಾಜ್ಯದವರೊಬ್ಬರ ಪ್ರಕರಣದಲ್ಲೇ ಕಾಣಿಸಿತು. 1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಅವರ ಜನತಾದಳಕ್ಕೆ ಲೋಕಸಭೆಯಲ್ಲಿ ಇದ್ದದ್ದು 46 ಸ್ಥಾನ. ನೇಮಕ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಸದಸ್ಯರಲ್ಲದವರು ಆರು ತಿಂಗಳು ಮಂತ್ರಿಯಾಗಿರಬಹುದು ಎಂದು 75ನೇ ವಿಧಿ ಹೇಳುತ್ತದೆ, ಆ ಮಾತು ಪ್ರಧಾನಿಗೂ ಅನ್ವಯಿಸುತ್ತದೆ ಎಂದು ಕೋರ್ಟು ಹೇಳಿತು. ಅಂದರೆ ಕಾನೂನಿನ ಕಣ್ಣಿಗೆ ಪ್ರಧಾನಿಯೂ ಒಬ್ಬ ಮಂತ್ರಿಯೇ. ತೀರ್ಪು ಬರುವ ಮೊದಲೇ ಗೌಡರು ಸೆಪ್ಟೆಂಬರಿನಲ್ಲಿ ರಾಜ್ಯಸಭೆಗೆ ಆಯ್ಕೆಯಾಗಿದ್ದರು. ಮುಂದಿನ ವರ್ಷ ಏಪ್ರಿಲ್ 11ರಂದು ವಿಶ್ವಾಸಮತದಲ್ಲಿ ಸೋತು ಹೊರಬಂದರು. 1742ರ ಹಾಗೆಯೇ, ಸಂಖ್ಯೆ ಹೋಯಿತು, ಹುದ್ದೆ ಹೋಯಿತು.

‘ಉಪ’ ಸೇರಿಸಿದ ಹುದ್ದೆಗಳ ಗತಿ ಇನ್ನೂ ಸ್ಪಷ್ಟ. 1989ರ ಡಿಸೆಂಬರ್ 2ರಂದು ಪ್ರಮಾಣವಚನದ ವೇಳೆ ರಾಷ್ಟ್ರಪತಿ ವೆಂಕಟರಾಮನ್ ಅವರು ಮಂತ್ರಿ ಎಂದು ಓದಿಸಿದರು. ಪ್ರಮಾಣ ಸ್ವೀಕರಿಸುತ್ತಿದ್ದ ದೇವಿಲಾಲ್ ಅದನ್ನು ಉಪಪ್ರಧಾನಿ ಎಂದು ಓದಿದರು. ರಾಷ್ಟ್ರಪತಿಗಳು ತಿದ್ದಿದರೂ ಅವರು ಮತ್ತೆ ಉಪಪ್ರಧಾನಿ ಎಂದೇ ಹೇಳಿದರು. ವಿಷಯ ಕೋರ್ಟಿಗೆ ಹೋಯಿತು. ಅದು ಬರೀ ವಿವರಣೆಯ ಪದ, ಪ್ರಧಾನಿಯ ಅಧಿಕಾರವೇನೂ ಅದರಿಂದ ಬರುವುದಿಲ್ಲ, ಅವರು ಉಳಿದವರ ಹಾಗೆ ಒಬ್ಬ ಮಂತ್ರಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯಗಳ ಡಿಸಿಎಂಗಳ ವಿಷಯದಲ್ಲೂ 2024ರ ಫೆಬ್ರವರಿಯಲ್ಲಿ ಹೆಚ್ಚುಕಡಿಮೆ ಇದೇ ಮಾತು ಬಂತು. ಕರ್ನಾಟಕದಲ್ಲಿ 2019ರಲ್ಲಿ ಒಂದೇ ಸಲಕ್ಕೆ ಮೂವರು ಡಿಸಿಎಂಗಳಿದ್ದರು. ಸಂವಿಧಾನದ ಪ್ರಕಾರ ಮೂವರೂ ಬರೀ ಮಂತ್ರಿಗಳು. ಈ ಹುದ್ದೆಗಾಗಿ ನಡೆಯುವ ಪೈಪೋಟಿ ನೋಡುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಸಮಾನರ ದನಿ ಎಲ್ಲಿ ಹೋಯಿತು?

ಕಾಗದದ ಮೇಲೆ ಹೀಗೆ ಎಲ್ಲರೂ ಮಂತ್ರಿಗಳೇ. ಆದರೆ 1975ರ ಜೂನ್ 25ರ ರಾತ್ರಿ ಆದದ್ದೇನು? ಇಂದಿರಾ ಗಾಂಧಿ ತುರ್ತುಪರಿಸ್ಥಿತಿ ಘೋಷಿಸುವಂತೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರಿಗೆ ಪತ್ರ ಬರೆದರು. ಸಂಪುಟದ ಮುಂದೆ ಇಡಬೇಕಿತ್ತು, ಈ ರಾತ್ರಿ ಅದು ಸಾಧ್ಯವಿಲ್ಲ, ಬೆಳಿಗ್ಗೆ ಮೊದಲ ಕೆಲಸವಾಗಿ ತಿಳಿಸುತ್ತೇನೆ ಎಂದು ಅದರಲ್ಲೇ ಇತ್ತು. ಸರ್ಕಾರದ ಕಾರ್ಯಕಲಾಪ ನಿಯಮಗಳ 12ನೇ ನಿಯಮ ಇದಕ್ಕೆ ಅವಕಾಶ ಕೊಡುತ್ತಿತ್ತು. ಅಗತ್ಯ ಅನಿಸಿದರೆ ಪ್ರಧಾನಿ ನಿಯಮಗಳನ್ನು ಮೀರಬಹುದು ಎನ್ನುತ್ತದೆ ಅದು. ಬೆಳಿಗ್ಗೆ ಆರರ ಹೊತ್ತಿಗೆ ಮಂತ್ರಿಗಳನ್ನು ಕರೆಸಿದರು. ಅಷ್ಟರಲ್ಲಿ ಸಹಿ ಬಿದ್ದಿತ್ತು. ವಿರೋಧ ಪಕ್ಷಗಳ ನಾಯಕರು ಬಂಧನದಲ್ಲಿದ್ದರು. ಸಮಾನರು ಕೂತು ಕೇಳಿಸಿಕೊಂಡರು, ಒಪ್ಪಿಗೆ ಕೊಟ್ಟರು.

ಆ ಗಾಯಕ್ಕೆ ಹಾಕಿದ ಪಟ್ಟಿ 1978ರ 44ನೇ ತಿದ್ದುಪಡಿ. ಸಂಪುಟದ ತೀರ್ಮಾನ ಬರಹದಲ್ಲಿ ಬಂದರೆ ಮಾತ್ರ ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಘೋಷಿಸಬಹುದು ಎಂದು 352ನೇ ವಿಧಿಗೆ ಸೇರಿಸಿದರು. ನಮ್ಮ ಸಂವಿಧಾನದಲ್ಲಿ ಸಂಪುಟ ಎಂಬ ಮಾತು ಬರುವುದು ಅಲ್ಲಿ ಮಾತ್ರ. 12ನೇ ನಿಯಮ ಹಾಗೇ ಉಳಿಯಿತು. 2019ರ ನವೆಂಬರ್ 23ರ ನಸುಕಿನಲ್ಲಿ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆ ತೆಗೆದದ್ದು ಸಂಪುಟ ಸಭೆ ಸೇರದೆಯೇ, ಇದೇ ನಿಯಮ ಬಳಸಿ. ಪಕ್ಷ ಬೇರೆ, ಪ್ರಧಾನಿ ಬೇರೆ, ನಿಯಮ ಅದೇ.

ಬ್ರಿಟನ್ನಿನಲ್ಲಿ ಬರೆದಿಟ್ಟ ಸಂವಿಧಾನವೇ ಇಲ್ಲ. ಆದರೂ ಅಲ್ಲಿನ ಸಮಾನರಿಗೆ ಇನ್ನೂ ಹಲ್ಲಿದೆ. ಮಾರ್ಗರೆಟ್ ಥ್ಯಾಚರ್ ಮೂರು ಚುನಾವಣೆ ಗೆದ್ದವರು. 1990ರ ನವೆಂಬರಿನಲ್ಲಿ ಪಕ್ಷದ ನಾಯಕತ್ವಕ್ಕೆ ಸಂಸದರ ನಡುವೆ ಮತದಾನವಾಯಿತು. 204–152ರಿಂದ ಮುಂದಿದ್ದರೂ ನಿಯಮ ಕೇಳುವ ಅಂತರಕ್ಕೆ ನಾಲ್ಕು ಮತ ಸಾಲಲಿಲ್ಲ. ಮರುದಿನ ಸಂಜೆ ಮಂತ್ರಿಗಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು. ನೀವು ಸೋಲುತ್ತೀರಿ ಎಂದು ಹೆಚ್ಚಿನವರು ಮುಖಕ್ಕೇ ಹೇಳಿದರು. ಅದರ ಮರುದಿನ ಅವರು ರಾಜೀನಾಮೆ ಪ್ರಕಟಿಸಿದರು. 2022ರ ಜುಲೈನಲ್ಲಿ ಬೋರಿಸ್ ಜಾನ್ಸನ್ ಅವರ ಸರ್ಕಾರದಿಂದ ಎರಡು ಮೂರು ದಿನದಲ್ಲಿ 50ಕ್ಕೂ ಹೆಚ್ಚು ಮಂದಿ ಹೊರನಡೆದರು. ಅವರೂ ಇಳಿಯಬೇಕಾಯಿತು. ಕೋರ್ಟು, ಪೊಲೀಸು, ಕಸ್ಟಡಿ ಯಾವುದೂ ಬೇಕಾಗಲಿಲ್ಲ.

ಇಲ್ಲಿ ಅಂಥದ್ದು ಯಾಕೆ ಆಗುವುದಿಲ್ಲ? ಮುಖ್ಯ ಕಾರಣಗಳಲ್ಲಿ ಒಂದು 1985ರ ಪಕ್ಷಾಂತರ ನಿಷೇಧ ಕಾಯ್ದೆ ಎಂದು ನನ್ನ ಅಭಿಪ್ರಾಯ. ಆಯಾರಾಂ ಗಯಾರಾಂ ಕಾಟ ತಪ್ಪಿಸಲು ತಂದ ಕಾಯ್ದೆ ಅದು. ಉದ್ದೇಶ ಒಳ್ಳೆಯದೇ. ಆದರೆ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗುತ್ತದೆ. ವಿಪ್ ಯಾರ ಕೈಯಲ್ಲಿ? ನಾಯಕರ ಕೈಯಲ್ಲಿ. ಒಬ್ಬಂಟಿಯಾಗಿ ಭಿನ್ನಾಭಿಪ್ರಾಯ ಹೇಳುವವರ ಬಾಯಿ ಮುಚ್ಚಿತು, ಗುಂಪಾಗಿ ಪಕ್ಷ ಬಿಡುವವರನ್ನು ತಡೆಯಲಿಲ್ಲ. 2019ರಲ್ಲಿ ಕರ್ನಾಟಕದ 17 ಶಾಸಕರ ಪ್ರಕರಣ ನಮ್ಮ ಕಣ್ಣೆದುರಿಗೇ ನಡೆಯಿತಲ್ಲ. ವಿಪ್ ಬರೀ ವಿಶ್ವಾಸ, ಅವಿಶ್ವಾಸ ಮತಗಳಿಗೆ ಸೀಮಿತವಾಗಲಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಯಾವ ಸರ್ಕಾರವೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಇನ್ನೊಂದು ಕಾರಣ ಪಕ್ಷಗಳ ಒಳಗೇ ಇದೆ. ವಿಧಾನಸೌಧದ ರಾಜಕೀಯ ನೋಡುವವರಿಗೆ ‘ಒಂದು ಸಾಲಿನ ನಿರ್ಣಯ’ ಗೊತ್ತೇ ಇರುತ್ತದೆ. ಚುನಾವಣೆ ಗೆದ್ದ ಶಾಸಕರು ಹೋಟೆಲ್ಲಿನಲ್ಲೋ ಪಕ್ಷದ ಕಚೇರಿಯಲ್ಲೋ ಸೇರುತ್ತಾರೆ. ದೆಹಲಿಯಿಂದ ವೀಕ್ಷಕರು ಬಂದಿರುತ್ತಾರೆ. ನಾಯಕರ ಆಯ್ಕೆಯನ್ನು ಹೈಕಮಾಂಡಿಗೆ ಬಿಟ್ಟಿದ್ದೇವೆ ಎಂದು ಒಂದು ಸಾಲು ಬರೆದು ಎಲ್ಲರೂ ಕೈಯೆತ್ತುತ್ತಾರೆ. ಹೆಚ್ಚುಕಡಿಮೆ ಎಲ್ಲ ದೊಡ್ಡ ಪಕ್ಷಗಳಲ್ಲೂ ಇದೇ ರೂಢಿ. ಹೈಕಮಾಂಡ್ ಎಂಬ ಮಾತು ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲ, ವಾಲ್‌ಪೋಲ್ ಕಾಲದ ಪ್ರೈಮ್ ಮಿನಿಸ್ಟರ್ ಹಾಗೆಯೇ. ಆರಿಸಿದವರಿಗೆ ಇಳಿಸುವ ಶಕ್ತಿಯೂ ಇರುತ್ತದೆ. ಆರಿಸುವ ಹಕ್ಕನ್ನೇ ಬಿಟ್ಟುಕೊಟ್ಟ ಶಾಸಕರು ಆಮೇಲೆ ಮುಖ್ಯಮಂತ್ರಿಯ ಎದುರು ಯಾವ ಬಲದಿಂದ ಮಾತಾಡುತ್ತಾರೆ? ದೆಹಲಿಯಲ್ಲೂ ಇದೇ ಕಥೆ.

ಹೀಗಿರುವಾಗ 130ನೇ ತಿದ್ದುಪಡಿ ಮಸೂದೆ ಒಂದು ಕೊರತೆಗೆ ಹೊರಗಿನಿಂದ ಮದ್ದು ಹುಡುಕುತ್ತಿದೆ. ಗಂಭೀರ ಆರೋಪ ಹೊತ್ತ ನಾಯಕರಿಗೆ ‘ಸದ್ಯಕ್ಕೆ ಇಳಿಯಿರಿ’ ಎಂದು ಹೇಳಬೇಕಾದವರು ಅವರ ಸಂಪುಟದವರು, ಅವರ ಪಕ್ಷದ ಸಂಸದರು, ಶಾಸಕರು. ಅವರು ಹೇಳುವುದಿಲ್ಲ. ಆದ್ದರಿಂದ ತನಿಖಾಧಿಕಾರಿಯ ಬಂಧನದ ಕಾಗದ ಆ ಕೆಲಸ ಮಾಡಲಿ ಎಂದು ಮಸೂದೆ ಹೇಳುತ್ತದೆ. ಜೈಲಿನಿಂದ ಸರ್ಕಾರ ನಡೆಸುವುದು ಸರಿಯಲ್ಲ ಎಂಬ ವಾದ ನನಗೆ ಒಪ್ಪಿಗೆ. ಆದರೆ ಬಂಧಿಸುವ ಸಂಸ್ಥೆಗಳು ಇರುವುದೇ ಸರ್ಕಾರಗಳ ಕೆಳಗೆ. ಕೇಂದ್ರದ ಸಂಸ್ಥೆ ರಾಜ್ಯದ ಮುಖ್ಯಮಂತ್ರಿಯನ್ನು ಬಂಧಿಸಿದ ಉದಾಹರಣೆಗಳಿವೆ. ಕುರ್ಚಿಯಲ್ಲಿರುವ ಪ್ರಧಾನಿಯನ್ನು ಬಂಧಿಸಿದ ಉದಾಹರಣೆ ಭಾರತದಲ್ಲಿ ಇಲ್ಲ. ಪ್ರಧಾನಿಗೂ ಮುಖ್ಯಮಂತ್ರಿಗೂ ಒಂದೇ ನಿಯಮ ಎಂದು ಬರೆದರೂ ತೂಗುಗತ್ತಿ ಯಾರ ತಲೆಯ ಮೇಲೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ನಮ್ಮಲ್ಲೂ ಒಂದು ಕಾಲದಲ್ಲಿ ಮತ ಎಣಿಸಿಯೇ ಪ್ರಧಾನಿಯನ್ನು ಆರಿಸಿದ್ದುಂಟು. ಶಾಸ್ತ್ರಿಯವರು ತೀರಿಕೊಂಡ ಮೇಲೆ, 1966ರ ಜನವರಿ 19ರಂದು ಕಾಂಗ್ರೆಸ್ ಸಂಸದೀಯ ಪಕ್ಷದ ಸಭೆಯಲ್ಲಿ ಗುಪ್ತ ಮತದಾನವಾಯಿತು. ಇಂದಿರಾ ಗಾಂಧಿಯವರಿಗೆ 355, ಮೊರಾರ್ಜಿ ದೇಸಾಯಿಯವರಿಗೆ 169 ಮತ ಬಿದ್ದವು. ಸೋತ ಮೊರಾರ್ಜಿ ಮುಂದಿನ ವರ್ಷ ಅದೇ ಸರ್ಕಾರದಲ್ಲಿ ಉಪಪ್ರಧಾನಿಯಾದರು. ಇದನ್ನು ಮತ್ತೆ ತರಲು ಸಂವಿಧಾನ ತಿದ್ದಬೇಕಾಗಿಲ್ಲ. ನಾಯಕರ ಆಯ್ಕೆಗೂ ಬದಲಾವಣೆಗೂ ಸದಸ್ಯರ ಗುಪ್ತ ಮತದಾನ ಕಡ್ಡಾಯ ಎಂದು ಪಕ್ಷಗಳು ತಮ್ಮ ತಮ್ಮ ನಿಯಮಾವಳಿಯಲ್ಲಿ ಒಂದು ಕಲಂ ಸೇರಿಸಿಕೊಂಡರೆ ಸಾಕು.